ಪುಟ್ಟ ಕುದುರೆಗಳೂ ಗಡ್ಡ ಬಂದ ಅಭಿಮಾನಿಗಳೂ



ಐದಾರು ವರ್ಷದ ಹೆಣ್ಣುಮಕ್ಕಳಿಗೆಂದು ತಯಾರಾದ ಒಂದು ಕಾರ್ಟೂನನ್ನು ಇಪ್ಪತ್ತೈದು ಮೂವತ್ತರ ಗಂಡಸರು ಮೆಚ್ಚಿಕೊಂಡು, ಅದರ ಹೆಸರಿನಲ್ಲಿ ದೂರದೂರದ ಊರುಗಳಿಂದ ವಿಮಾನ ಹತ್ತಿ ಬಂದು ಒಂದೆಡೆ ಸೇರುತ್ತಾರೆ ಎಂದರೆ ನೀವು ನಂಬುವಿರಾ? 2019ರ ಆಗಸ್ಟ್ 1ರಿಂದ 4ರವರೆಗೆ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಹೀಗೆ ಸೇರಿದವರು ಹತ್ತು ಸಾವಿರಕ್ಕೂ ಹೆಚ್ಚು ಮಂದಿ. ತಲೆಗೆ ಕುದುರೆಕಿವಿ ಸಿಕ್ಕಿಸಿಕೊಂಡವರು, ಸೊಂಟಕ್ಕೆ ಬಣ್ಣದ ಬಾಲ ಕಟ್ಟಿಕೊಂಡವರು ಅವರಲ್ಲಿದ್ದರು. ಆದರೆ ಆ ವರ್ಷ ಅವರು ಬಂದದ್ದು ವಿದಾಯ ಹೇಳಲು. 'ಬ್ರೋನಿಕಾನ್' ಎಂಬ ಆ ವಾರ್ಷಿಕ ಸಮ್ಮೇಳನಕ್ಕೆ ಅದೇ ಕೊನೆಯ ವರ್ಷವೆಂದು ಸಂಘಟಕರು ಒಂದು ವರ್ಷ ಮೊದಲೇ ಸಾರಿದ್ದರು. ಎರಡು ತಿಂಗಳು ಕಳೆದು, ಅಕ್ಟೋಬರ್ 12ರಂದು, ಕಾರ್ಟೂನಿನ ಕೊನೆಯ ಕಂತೂ ಪ್ರಸಾರವಾಯಿತು.

ಕಾರ್ಟೂನು ಮುಗಿದರೆ ಅಭಿಮಾನವೂ ಮುಗಿಯುತ್ತದೆಯೇ? ದೊಡ್ಡವರು ಮಕ್ಕಳ ಕಾರ್ಟೂನಿನ ಮೇಲಿಡುವ ಪ್ರೀತಿಗೆ ಎಷ್ಟು ಆಯುಸ್ಸು? ಪ್ರಶ್ನೆ ತಮಾಷೆಯದಾಗಿ ಕಾಣಬಹುದು. ಆದರೆ ಮನೆಭೇಟಿಗೆ ಹೋದಾಗ ತಾಯಂದಿರು ತಗ್ಗಿದ ದನಿಯಲ್ಲಿ ಹೇಳುವ ಮಾತುಗಳಲ್ಲಿ ಇದೂ ಒಂದು: "ಫಾದರ್, ಇವನಿಗೆ ಇಪ್ಪತ್ತಾರು ತುಂಬಿತು, ಕೆಲಸವೂ ಇದೆ, ಇನ್ನೂ ರಾತ್ರಿಯೆಲ್ಲ ಕಾರ್ಟೂನು ನೋಡುತ್ತಾನೆ. ನೀವಾದರೂ ಒಂದು ಮಾತು ಹೇಳಿ." ಹೇಳಬಹುದು. ಆದರೆ ಹೇಳುವ ಮೊದಲು ಇಂಥದ್ದೊಂದು ಪ್ರೀತಿ ಲೋಕದಲ್ಲಿ ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು, ಅದರ ಗತಿ ಏನಾಯಿತು ಎಂದು ನೋಡುವುದು ಒಳ್ಳೆಯದಲ್ಲವೇ? ಅದಕ್ಕೆ ಅಮೆರಿಕದ ಈ ಪುಟ್ಟ ಕುದುರೆಗಳ ಕಥೆಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಆಟಿಕೆಯಿಂದ ಹುಟ್ಟಿದ ಊರು

'ಮೈ ಲಿಟಲ್ ಪೋನಿ' ಮೊದಲಿಗೆ ಕಥೆಯಲ್ಲ, ಆಟಿಕೆ. ಬಾನಿ ಝಾಕರ್ಲ್ ಎಂಬ ಕಲಾವಿದೆಯ ಕಲ್ಪನೆಯಿಂದ ಹುಟ್ಟಿ, ಹಾಸ್‌ಬ್ರೋ ಎಂಬ ಆಟಿಕೆ ಕಂಪನಿ 1983ರಲ್ಲಿ ಈ ಹೆಸರಿನಿಂದ ಮಾರುಕಟ್ಟೆಗೆ ತಂದ ಪ್ಲಾಸ್ಟಿಕ್ ಕುದುರೆಗಳು. ಗುಲಾಬಿ, ನೇರಳೆ, ನೀಲಿ ಬಣ್ಣ, ಬಾಚಲು ಬರುವ ಉದ್ದ ಕೂದಲು. ಮಾರಾಟ ಹೆಚ್ಚಿಸಲು 1986ರಲ್ಲಿ ಟಿವಿಗೊಂದು ಕಾರ್ಟೂನು ಬಂತು, ಮರುವರ್ಷವೇ ನಿಂತಿತು. ಮುಂದೆಯೂ ಕೆಲವು ವರ್ಷಗಳಿಗೊಮ್ಮೆ ಕಂಪನಿ ಹಳೆಯ ಕುದುರೆಗಳನ್ನು ಬದಿಗಿಟ್ಟು ಹೊಸ ರೂಪದವನ್ನು ತರುತ್ತಾ ಬಂತು. ಆರು ವರ್ಷದ ಮಗು ಹತ್ತಾಗುವಷ್ಟರಲ್ಲಿ ಆಟಿಕೆ ಬಿಡುತ್ತದೆ, ಮತ್ತೊಂದು ಆರು ವರ್ಷದ ಮಗು ಅಂಗಡಿಗೆ ಬರುತ್ತದೆ. ವ್ಯಾಪಾರದ ಲೆಕ್ಕ ಇಷ್ಟೇ.

2010ರ ಅಕ್ಟೋಬರ್ 10ರಂದು 'ದಿ ಹಬ್' ಎಂಬ ಹೊಸ ಚಾನೆಲ್ಲಿನಲ್ಲಿ ನಾಲ್ಕನೆಯ ಪೀಳಿಗೆಯ ಕುದುರೆಗಳ ಕಾರ್ಟೂನು ಶುರುವಾಯಿತು. ಹೆಸರು 'ಫ್ರೆಂಡ್‌ಶಿಪ್ ಈಸ್ ಮ್ಯಾಜಿಕ್', ಅಂದರೆ ಗೆಳೆತನವೇ ಮಾಯಾಶಕ್ತಿ. ಅದನ್ನು ರೂಪಿಸಿದವರು ಲಾರೆನ್ ಫೌಸ್ಟ್. ಚಿಕ್ಕಂದಿನಲ್ಲಿ ಇದೇ ಕುದುರೆಗಳೊಡನೆ ಆಡಿ ಬೆಳೆದ ಈಕೆಗೆ ಹುಡುಗಿಯರ ಕಾರ್ಟೂನೆಂದರೆ ಸಪ್ಪೆಯಾಗಿಯೇ ಇರಬೇಕು ಎಂಬ ರೂಢಿ ಹಿಡಿಸಿರಲಿಲ್ಲ. ಟ್ವೈಲೈಟ್ ಎಂಬ ಪುಸ್ತಕದ ಹುಳುವಿನಂಥ ಕುದುರೆಯನ್ನು ಅದರ ಗುರು, ರಾಜಕುಮಾರಿ ಸೆಲೆಸ್ಟಿಯಾ, ಒಂದು ಸಣ್ಣ ಊರಿಗೆ ಕಳಿಸುತ್ತಾಳೆ. ಕಲಿಯಬೇಕಾದ ಪಾಠ ಗೆಳೆತನ! ಊರಿನಲ್ಲಿ ಸಿಗುವ ಐವರು ಗೆಳತಿಯರಲ್ಲಿ ಒಬ್ಬೊಬ್ಬಳದು ಒಂದೊಂದು ಗುಣ. ಪ್ರಾಮಾಣಿಕತೆ ಒಬ್ಬಳದು, ದಯೆ ಇನ್ನೊಬ್ಬಳದು, ನಗು, ಔದಾರ್ಯ, ನಿಷ್ಠೆ ಉಳಿದವರದು. ಮೊದಮೊದಲ ಕಂತುಗಳ ಕೊನೆಗೆ ಟ್ವೈಲೈಟ್ ತಾನು ಕಲಿತದ್ದನ್ನು ಗುರುವಿಗೆ ಪತ್ರ ಬರೆದು ತಿಳಿಸುತ್ತಾಳೆ. (ಸೆಮಿನರಿಯಲ್ಲಿ ನಮ್ಮಿಂದಲೂ ಇಂಥ ಟಿಪ್ಪಣಿ ಬರೆಸುತ್ತಿದ್ದರು. ಆದರೆ ನಮ್ಮವು ಇಷ್ಟು ಸ್ವಾರಸ್ಯವಾಗಿರಲಿಲ್ಲ.)

ಜಗಳವಾಗುತ್ತದೆ, ಒಬ್ಬಳು ಸುಳ್ಳು ಹೇಳುತ್ತಾಳೆ, ಇನ್ನೊಬ್ಬಳಿಗೆ ಹೊಟ್ಟೆಕಿಚ್ಚು. ಕೊನೆಗೆ ಕ್ಷಮೆ ಕೇಳಿ ಒಂದಾಗುತ್ತಾರೆ. ಇಷ್ಟೇ ಕಥೆ. ಆದರೆ ಚಿತ್ರಣ ಚುರುಕು, ಮಾತು ಹಾಸ್ಯಭರಿತ, ಪಾತ್ರಗಳಿಗೆ ಜೀವವಿತ್ತು.

ಗೇಲಿಯೂ ಗೆಳೆತನವೂ

ಇದನ್ನು ಗಂಡಸರು ನೋಡತೊಡಗಿದ್ದು ಗೇಲಿಯಿಂದ. 2010ರ ಕೊನೆಯ ತಿಂಗಳುಗಳಲ್ಲಿ, ಒರಟು ಮಾತಿಗೆ ಹೆಸರಾದ 'ಫೋರ್‌ಚಾನ್' ಎಂಬ ಇಂಟರ್‌ನೆಟ್ ತಾಣದಲ್ಲಿ ಹುಡುಗರು ಈ ಕುದುರೆಗಳ ವಿಷಯ ಎತ್ತಿದರು. ನಗಲೆಂದು ನೋಡಿದವರಲ್ಲಿ ಅನೇಕರಿಗೆ ಇದು ನಿಜವಾಗಿಯೂ ಹಿಡಿಸಿಬಿಟ್ಟಿತು! ಇಂಗ್ಲಿಷಿನ 'ಬ್ರೋ' ಎಂದರೆ ಅಣ್ಣತಮ್ಮ. ಅದಕ್ಕೆ 'ಪೋನಿ' ಸೇರಿ ಅವರಿಗೆ 'ಬ್ರೋನಿ'ಗಳು ಎಂಬ ಹೆಸರು ನಿಂತಿತು. ಹೆಂಗಸರೂ ಇದ್ದರು, ಆದರೆ ಜನರ ಕಣ್ಣು ಬಿದ್ದದ್ದು ಗಂಡಸರ ಮೇಲೆ.

2011ರ ಜೂನಿನಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಬ್ರೋನಿಕಾನ್ ಸೇರಿದಾಗ ಬಂದವರು ಸುಮಾರು ನೂರು. ಒಂದೇ ವರ್ಷದ ನಂತರ, 2012ರ ಬೇಸಿಗೆಯಲ್ಲಿ, ಸುಮಾರು ನಾಲ್ಕು ಸಾವಿರ. ಬಾಲ್ಟಿಮೋರಿಗೆ ಸ್ಥಳ ಬದಲಾದ 2013ರಲ್ಲಿ ಎಂಟು ಸಾವಿರ ದಾಟಿತು. ಪತ್ರಿಕೆಗಳು ಬೆರಗಿನಿಂದ ಬರೆದವು, ಟಿವಿಯಲ್ಲಿ ನಗಾಡಿದರು. ಬೆಳೆದ ಗಂಡಸಿಗೆ ಹುಡುಗಿಯರ ಕುದುರೆ ಯಾಕೆ ಬೇಕು ಎಂಬುದು ಎಲ್ಲರ ಪ್ರಶ್ನೆ.

ಈ ಪ್ರಶ್ನೆಯ ಹಿಂದೆ ಎಂಥ ಕ್ರೌರ್ಯ ಇರಬಲ್ಲದು ಎಂಬುದಕ್ಕೆ ಒಂದು ಸಂಗತಿ ಹೇಳುತ್ತೇನೆ. 2014ರಲ್ಲಿ ಅಮೆರಿಕದ ಒಂದು ಶಾಲೆಯ ಒಂಬತ್ತು ವರ್ಷದ ಹುಡುಗ ಈ ಕುದುರೆಯ ಚಿತ್ರವಿದ್ದ ಚೀಲ ಹಾಕಿಕೊಂಡು ಹೋಗುತ್ತಿದ್ದ. ಸಹಪಾಠಿಗಳು ಪೀಡಿಸಿದರು, ಹೊಡೆದರು. ಶಾಲೆಯವರು ಹೊಡೆದವರನ್ನು ತಿದ್ದುವ ಬದಲು ಚೀಲವನ್ನೇ ಮನೆಯಲ್ಲಿ ಬಿಟ್ಟು ಬರಲು ಹೇಳಿದರು. ಸುದ್ದಿ ಹಬ್ಬಿ ಜನ ಸಿಟ್ಟಾದ ಮೇಲೆ ಶಾಲೆ ಮಾತು ಹಿಂತೆಗೆದುಕೊಂಡಿತು. ಆ ಹುಡುಗನ ಪರವಾಗಿ ಮೊದಲು ನಿಂತವರಲ್ಲಿ ಈ ಗಡ್ಡದ ಅಭಿಮಾನಿಗಳೂ ಇದ್ದರು.

ಗಂಡಸಿಗೆ ದಯೆ, ಮೃದುತ್ವ, ಕ್ಷಮೆ ಕೇಳುವುದು ಒಪ್ಪುವುದಿಲ್ಲ ಎಂಬ ಪಾಠವನ್ನು ನಾವೂ ನಮ್ಮ ಗಂಡುಮಕ್ಕಳಿಗೆ ಬಾಯಿಬಿಟ್ಟು ಹೇಳದೆಯೇ ಕಲಿಸುತ್ತೇವೆ. ಅಳುವ ಹುಡುಗನಿಗೆ "ಹೆಣ್ಣಿನ ಹಾಗೆ ಅಳ್ತೀಯಲ್ಲ" ಎನ್ನದ ಮನೆ ಯಾವುದು? ಇಪ್ಪತ್ತೈದು ದಾಟಿದ ಗಂಡಸಿಗೆ ಗೆಳೆಯರೆಂದರೆ ಕೆಲಸದ ಜಾಗದವರು ಅಥವಾ ಭಾನುವಾರ ವಾಲಿಬಾಲ್ ಆಡುವವರು. ಊರು ಬಿಟ್ಟು ಬೆಂಗಳೂರು, ದುಬೈ ಸೇರಿದರೆ ಅವರೂ ಇಲ್ಲ. ಮದುವೆ, ಸಾವು, ಹಬ್ಬಕ್ಕೆ ಊರಿಗೆ ಬಂದಾಗ ಕೈ ಕುಲುಕಿ "ಆರಾಮಾ?" ಎಂದರೆ ಮುಗಿಯಿತು. ಅಮೆರಿಕದ ಈ ಯುವಕರು ಕುದುರೆಗಳಲ್ಲಿ ಕಂಡದ್ದು ತಮಗಿಲ್ಲದ ಆ ಗೆಳೆತನವನ್ನೇ ಎಂದು ನನ್ನ ಅನಿಸಿಕೆ. ಆದರೆ ಪರದೆಯ ಮೇಲಿನ ಗೆಳೆತನವನ್ನು ನೋಡುತ್ತಾ ಕುಳಿತರೆ ಗೆಳೆಯರು ಸಿಗುವುದಿಲ್ಲ. ಇವರ ಕಥೆ ವಿಶೇಷವಾಗುವುದು ಇವರು ಸುಮ್ಮನೆ ಕುಳಿತುಕೊಳ್ಳಲಿಲ್ಲ ಎಂಬುದರಿಂದ.

ಕೈಕೆಲಸದ ಅಭಿಮಾನ

ನಮ್ಮ ಕಡೆ ಅಭಿಮಾನಿ ಸಂಘವೆಂದರೆ ನಟನ ಕಟೌಟು, ಹೂವಿನ ಹಾರ, ಹುಟ್ಟುಹಬ್ಬಕ್ಕೆ ರಕ್ತದಾನ. ಕಾರ್ಟೂನು ಕುದುರೆಗೆ ಹಾರ ಹಾಕುವುದು ಹೇಗೆ? ಈ ಅಭಿಮಾನಿಗಳು ಹಾಡು ಕಟ್ಟಿದರು, ಚಿತ್ರ ಬರೆದರು, ಗೊಂಬೆ ಹೊಲಿದರು, ಕಥೆ ಬರೆದರು. 'ಫಾಲೌಟ್: ಈಕ್ವೆಸ್ಟ್ರಿಯಾ' ಎಂಬ ಒಂದು ಅಭಿಮಾನಿ ಕಥೆ ಆರು ಲಕ್ಷ ಪದಗಳನ್ನು ಮೀರುತ್ತದೆ. ಯಾರೂ ಕೇಳಿದ್ದಲ್ಲ, ಯಾರೂ ಕಾಸು ಕೊಟ್ಟದ್ದಲ್ಲ. ಕುದುರೆಗಳ ಹಾಡುಗಳಿಂದ ಹೆಸರು ಮಾಡಿದ ಇಸ್ರೇಲಿನ ಯುವಕನೊಬ್ಬ 'ದಿ ಲಿವಿಂಗ್ ಟೂಮ್‌ಸ್ಟೋನ್' ಎಂಬ ಹೆಸರಿನಲ್ಲಿ ಮುಂದೆ ಜಗತ್ತಿನ ತುಂಬ ಕೇಳುಗರಿರುವ ಸಂಗೀತಗಾರನಾದ.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಒಂದು ಆಟದ ಕಥೆ. ಕೆಲವು ಅಭಿಮಾನಿಗಳು ಸೇರಿ ಈ ಆರು ಗೆಳತಿಯರನ್ನಿಟ್ಟುಕೊಂಡು 'ಫೈಟಿಂಗ್ ಈಸ್ ಮ್ಯಾಜಿಕ್' ಎಂಬ ಕಂಪ್ಯೂಟರ್ ಆಟ ತಯಾರಿಸುತ್ತಿದ್ದರು. ಅದು ಸುಮಾರಾಗಿ ಸಿದ್ಧವಾಗುತ್ತಿದ್ದಾಗ, 2013ರ ಫೆಬ್ರವರಿಯಲ್ಲಿ, ಹಾಸ್‌ಬ್ರೋ ಕಂಪನಿಯಿಂದ ವಕೀಲರ ನೋಟೀಸು ಬಂತು: ಕುದುರೆಗಳು ನಮ್ಮವು, ನಿಲ್ಲಿಸಿ! ಕಾನೂನಿನ ಪ್ರಕಾರ ಕಂಪನಿಯ ಮಾತು ಸರಿಯೇ. ಅಷ್ಟರಲ್ಲಿ ಲಾರೆನ್ ಫೌಸ್ಟ್ ತಾವೇ ಮುಂದೆ ಬಂದು, ನಿಮ್ಮ ಆಟಕ್ಕೆ ಹೊಸ ಪಾತ್ರಗಳನ್ನು ನಾನು ಬರೆದುಕೊಡುತ್ತೇನೆ ಎಂದರು. ಆ ಹೊತ್ತಿಗೆ ಅವರು ಕಾರ್ಟೂನಿನ ಕೆಲಸ ಬಿಟ್ಟಿದ್ದರು. ಮೊದಲ ವರ್ಷ ಮುಗಿಯುತ್ತಿದ್ದಂತೆಯೇ, 2011ರಲ್ಲಿ, ಮುಖ್ಯ ಹೊಣೆಯಿಂದ ಇಳಿದಿದ್ದರು. ಕುದುರೆಯ ಬದಲು ಹಸುಕರು, ಕುರಿಮರಿ, ಜಿಂಕೆ ಬಂದವು. 2015ರಲ್ಲಿ ಜನರಿಂದಲೇ ಹಣ ಕೂಡಿಸಿ, 2020ರ ಏಪ್ರಿಲಿನಲ್ಲಿ 'ದೆಮ್ಸ್ ಫೈಟಿನ್ ಹರ್ಡ್ಸ್' ಎಂಬ ಹೆಸರಿನಿಂದ ಆಟ ಪೂರ್ಣರೂಪದಲ್ಲಿ ಹೊರಬಂತು. ಏಳು ವರ್ಷ! ಅಷ್ಟರಲ್ಲಿ ಮೂಲ ಕಾರ್ಟೂನೇ ಮುಗಿದಿತ್ತು.

ಇನ್ನೊಂದು ಗುಂಪು 'ಬ್ರೋನಿ ಥ್ಯಾಂಕ್ ಯೂ ಫಂಡ್' ಎಂಬ ನಿಧಿ ಕಟ್ಟಿತು. ಫೌಸ್ಟ್ ಓದಿದ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ದಿ ಆರ್ಟ್ಸ್‌ನಲ್ಲಿ ಆನಿಮೇಷನ್ ಕಲಿಯುವವರಿಗೆ ವಿದ್ಯಾರ್ಥಿವೇತನ ಕೊಡುವುದು ಅದರ ಕೆಲಸಗಳಲ್ಲೊಂದು. ದತ್ತಿನಿಧಿಯ ಗುಣ ನಿಮಗೆ ಗೊತ್ತೇ ಇದೆ. ಕೊಟ್ಟವರು ಮರೆತರೂ ಬಡ್ಡಿ ಮರೆಯುವುದಿಲ್ಲ.

ಹೆಸರಿಟ್ಟವರೂ ನೊಂದವರೂ

ಕಾರ್ಟೂನು ತಯಾರಕರು ಈ ಹಿರಿಯ ಅಭಿಮಾನಿಗಳನ್ನು ಹೇಗೆ ಕಂಡರು? ಇಲ್ಲಿ ಒಂದು ಬೂದುಬಣ್ಣದ ಕುದುರೆಯ ವಿಚಾರ ಹೇಳಲೇಬೇಕು. ಮೊದಲ ಕಂತಿನ ಗುಂಪಿನಲ್ಲಿ ಹಿಂದೆ ನಿಂತಿದ್ದ ಒಂದು ಕುದುರೆಯ ಎರಡು ಕಣ್ಣುಗಳು ಎರಡು ದಿಕ್ಕಿಗೆ ನೋಡುತ್ತಿದ್ದವು. ಯಾರೂ ಗಮನಿಸಬಾರದ ಜಾಗ. ಅಭಿಮಾನಿಗಳು ಗಮನಿಸಿದರು, 'ಡರ್ಪಿ' ಎಂದು ಹೆಸರಿಟ್ಟರು, ಮುದ್ದು ಮಾಡಿದರು. ತಯಾರಕರೂ ಬೇಕೆಂದೇ ಆಗಾಗ ಅದನ್ನು ಮೂಲೆಯಲ್ಲಿ ಬರೆಯತೊಡಗಿದರು. 2012ರ ಜನವರಿಯಲ್ಲಿ ಒಂದು ಕಂತಿನಲ್ಲಿ ಅದಕ್ಕೆ ಮಾತು ಬಂತು, ಹೆಸರು ಹಿಡಿದು ಕರೆದದ್ದೂ ಆಯಿತು. ಅಭಿಮಾನಿಗಳ ಸಂತೋಷ ಹೇಳತೀರದು.

ಆದರೆ ಅದೇ ಕಂತನ್ನು ನೋಡಿದ ಕೆಲವು ತಂದೆತಾಯಿಯರಿಗೆ ನೋವಾಯಿತು. 'ಡರ್ಪ್' ಎಂಬುದು ಅಲ್ಲಿನ ಆಡುಮಾತಿನಲ್ಲಿ ಪೆದ್ದ ಎನ್ನುವ ಅರ್ಥದ ಪದ. ಓರೆಗಣ್ಣು, ತೊದಲಿನಂಥ ಮಾತು, ಎಡವಟ್ಟು ಕೆಲಸ, ಮೇಲೆ ಈ ಹೆಸರು. ಅಂಗವಿಕಲ ಮಕ್ಕಳನ್ನು ಅಣಕಿಸಿದಂತಲ್ಲವೇ ಎಂದು ಅವರು ದೂರಿದರು. ಆಮೇಲೆ ಮಾರಾಟಕ್ಕೆ ಬಂದ ಪ್ರತಿಯಲ್ಲಿ ಹೆಸರನ್ನು ತೆಗೆದು, ದನಿಯನ್ನೂ ಬದಲಾಯಿಸಿದರು. ಈಗ ಅಭಿಮಾನಿಗಳು ಕೆರಳಿದರು: ನಮ್ಮ ಡರ್ಪಿಯನ್ನು ಕಿತ್ತುಕೊಂಡಿರಿ!

ಎರಡೂ ಕಡೆಯಲ್ಲಿ ಪ್ರೀತಿಯೇ ಇತ್ತು ಎಂಬುದನ್ನು ಗಮನಿಸಿ. ದೂರಿದವರ ಮನೆಯಲ್ಲಿ ಪ್ರಾಯಶಃ ಅಂಥ ಮಗುವಿತ್ತು. ಅಭಿಮಾನಿಗಳಿಗೆ ಆ ಕುದುರೆಯ ಕುಂದೇ ಅಕ್ಕರೆಗೆ ಕಾರಣವಾಗಿತ್ತು. ನನ್ನನ್ನು ಕೇಳಿದರೆ ತೀರ್ಪು ಹೆತ್ತವರ ಕಡೆಗೆ. ಕಾರ್ಟೂನು ಇರುವುದು ಮಕ್ಕಳಿಗಾಗಿ. ತರಗತಿಯಲ್ಲಿ ಓರೆಗಣ್ಣಿನ ಹುಡುಗಿಯನ್ನು ಮರುದಿನ 'ಡರ್ಪಿ' ಎಂದು ಕರೆಯುವವರು ಆರು ವರ್ಷದವರೇ ಹೊರತು ಮೂವತ್ತರವರಲ್ಲ. 2015ರ ಜೂನ್ 13ರಂದು ಪ್ರಸಾರವಾದ ನೂರನೆಯ ಕಂತನ್ನು ತಯಾರಕರು ಪೂರ್ತಿಯಾಗಿ ಅಭಿಮಾನಿಗಳಿಗೇ ಮೀಸಲಿಟ್ಟರು. ಹಿಂದೆ ನಿಲ್ಲುತ್ತಿದ್ದ ಕುದುರೆಗಳೆಲ್ಲ ಅಂದು ಮುಂದೆ ಬಂದವು, ಈ ಬೂದು ಕುದುರೆಯೂ ಮಾತಾಡಿತು. ಪಾತ್ರಗಳ ಪಟ್ಟಿಯಲ್ಲಿ ಮಾತ್ರ ಅದರ ಹೆಸರು 'ಮಫಿನ್ಸ್'.

ಮುಚ್ಚಿಡಬಾರದ ಇನ್ನೊಂದು ಮಾತಿದೆ. ಈ ಅಭಿಮಾನಿಗಳಲ್ಲಿ ಒಂದು ಭಾಗ ಮಕ್ಕಳ ಪಾತ್ರಗಳನ್ನಿಟ್ಟುಕೊಂಡು ಅಶ್ಲೀಲ ಚಿತ್ರಗಳನ್ನು ಬರೆದು ಹರಡಿತು. ಉಳಿದವರಿಗೆ ಅದರಿಂದ ಬಂದ ಕೆಟ್ಟ ಹೆಸರು ಇಂದಿಗೂ ಪೂರ್ತಿ ತೊಳೆದುಹೋಗಿಲ್ಲ. ಮಗು ಕಂಪ್ಯೂಟರಿನಲ್ಲಿ ಪ್ರೀತಿಯ ಕುದುರೆಯ ಹೆಸರು ಹುಡುಕಿದರೆ ಏನು ಕಂಡೀತು ಎಂಬ ತಾಯಂದಿರ ಆತಂಕ ನ್ಯಾಯವಾದದ್ದು. ಮಕ್ಕಳ ಅಂಗಳಕ್ಕೆ ದೊಡ್ಡವರು ಆಡಲು ಬಂದರೆ ಅಂಗಳವನ್ನು ಶುಚಿಯಾಗಿಡುವ ಹೊಣೆ ದೊಡ್ಡವರದೇ. ಇಲ್ಲಿ ಕಲಾಸ್ವಾತಂತ್ರ್ಯದ ಮಾತು ನನಗೆ ಒಪ್ಪಿಗೆಯಿಲ್ಲ.

ಇಳಿಯುವ ನೀರು

ಇನ್ನು ಬಾಳಿಕೆಯ ಲೆಕ್ಕಕ್ಕೆ ಬರೋಣ. 2015ರಲ್ಲಿ ಬ್ರೋನಿಕಾನ್‌ಗೆ ಬಂದವರು ಹತ್ತು ಸಾವಿರ. 2016ರಲ್ಲಿ ಸುಮಾರು 7,600. 2017ರಲ್ಲಿ 6,300. 2018ರಲ್ಲಿ ಐದೂವರೆ ಸಾವಿರ. ನೋಡಿ, ಕಾರ್ಟೂನು ಇನ್ನೂ ನಡೆಯುತ್ತಿತ್ತು, 2017ರ ಅಕ್ಟೋಬರಿನಲ್ಲಿ ಚಿತ್ರಮಂದಿರಕ್ಕೂ ಸಿನಿಮಾ ಬಂದಿತ್ತು. ಆದರೂ ಜನ ಇಳಿಯುತ್ತಲೇ ಹೋದರು! ಅಂದರೆ ಕಾರ್ಟೂನು ಇರುವ ತನಕ ಅಭಿಮಾನ ಇರುತ್ತದೆ ಎಂಬ ಮಾತೂ ನಿಜವಲ್ಲ.

ಕಾರಣ ದೂರ ಹುಡುಕಬೇಕಾಗಿಲ್ಲ. 2011ರಲ್ಲಿ ಕಾಲೇಜಿನಲ್ಲಿದ್ದವನು 2018ಕ್ಕೆ ಕೆಲಸಗಾರ, ಕೆಲವರು ತಂದೆಯರು. ಆಗಸ್ಟಿನಲ್ಲಿ ನಾಲ್ಕು ದಿನ ರಜೆ ಸಿಗುವುದಿಲ್ಲ. ಜೊತೆಗೆ, ಹೊಸತೊಂದು ಬಂದಾಗ ಸುಮ್ಮನೆ ಗದ್ದಲಕ್ಕೆ ಸೇರಿದವರು ಮುಂದಿನ ಗದ್ದಲಕ್ಕೆ ಹೊರಟುಹೋಗಿರುತ್ತಾರೆ. ನಮ್ಮ ಧರ್ಮಕೇಂದ್ರಗಳ ಯುವ ಸಂಘಗಳನ್ನೇ ನೆನೆಯಿರಿ. ಉದ್ಘಾಟನೆಯ ದಿನ ಎಂಬತ್ತು ಮಂದಿ, ಮೂರನೆಯ ವರ್ಷ ಹದಿನಾರು. ಆ ಹದಿನಾರು ಮಂದಿ ಯಾರು ಎಂದು ನೋಡಿದರೆ, ಕುರ್ಚಿ ಹಾಕುವವರು, ಲೆಕ್ಕ ಬರೆಯುವವರು, ತಬಲ ಬಾರಿಸುವವರು.

ಕೊನೆಯ ಸಮ್ಮೇಳನ ಎಂದು ಸಾರಿದೊಡನೆ 2019ರಲ್ಲಿ ಸಂಖ್ಯೆ ಮತ್ತೆ ಹತ್ತು ಸಾವಿರ ದಾಟಿತು. ಬಿಟ್ಟುಹೋಗಿದ್ದವರೂ ಒಂದು ದಿನಕ್ಕಾಗಿ ತಿರುಗಿ ಬಂದರು. ಊರ ಹಳೆಯ ಶಾಲೆ ಮುಚ್ಚುತ್ತದೆಂದರೆ ಹಳೆಯ ವಿದ್ಯಾರ್ಥಿಗಳೆಲ್ಲ ಕಣ್ಣೀರು ತುಂಬಿಕೊಂಡು ಬರುವುದಿಲ್ಲವೇ, ಹಾಗೆ. ಆ ಹತ್ತು ಸಾವಿರವನ್ನು ಬಾಳಿಕೆಯ ಲಕ್ಷಣವೆಂದು ಎಣಿಸಬಾರದು. 2018ರ ಐದೂವರೆ ಸಾವಿರವೇ ಹೆಚ್ಚು ನಿಜವಾದ ಸಂಖ್ಯೆ.

ಮರುವರ್ಷ ಕೋವಿಡ್ ಬಂತು. ಸಣ್ಣಪುಟ್ಟ ಸಮ್ಮೇಳನಗಳೂ ನಿಂತವು. 2021ರ ಸೆಪ್ಟೆಂಬರಿನಲ್ಲಿ ಹಾಸ್‌ಬ್ರೋ ಐದನೆಯ ಪೀಳಿಗೆಯ ಕುದುರೆಗಳನ್ನು ತಂದಿತು, ನೆಟ್‌ಫ್ಲಿಕ್ಸ್‌ನಲ್ಲಿ ಒಂದು ಚಲನಚಿತ್ರ. ಟ್ವೈಲೈಟ್ ಕಾಲ ಕಳೆದು ಎಷ್ಟೋ ವರ್ಷಗಳಾಗಿ, ಕುದುರೆಗಳು ಗೆಳೆತನ ಮರೆತು ಜಾತಿ ಜಾತಿಯಾಗಿ ಒಡೆದು, ಒಬ್ಬರಿಗೊಬ್ಬರು ಹೆದರಿಕೊಂಡು ಬದುಕುವ ಕಥೆ. ಕಥಾವಸ್ತು ಚೆನ್ನಾಗಿಯೇ ಇತ್ತು. ಹಳೆಯ ಅಭಿಮಾನಿಗಳಲ್ಲಿ ಕೆಲವರು ನೋಡಿ ಮೆಚ್ಚಿದರು. ಆದರೆ 2011ರ ಉತ್ಸಾಹ ಮರಳಲಿಲ್ಲ. ಆ ಪೀಳಿಗೆಯ ಧಾರಾವಾಹಿಗಳೂ 2024ರ ಹೊತ್ತಿಗೆ ಮುಗಿದವು. ಒಂಬತ್ತು ಋತುಗಳ ಹಳೆಯದರ ಮುಂದೆ ಇದು ಅಲ್ಪಾಯುಷಿ.

ಮುಗಿದ ಮೇಲೂ ಬಾಳಿದ್ದು

ಮೂಲ ನಿಂತ ಮೇಲೆ ಅಭಿಮಾನ ಬೆಳೆದ ಉದಾಹರಣೆಗಳೂ ಇವೆ. 'ಸ್ಟಾರ್ ಟ್ರೆಕ್' ಎಂಬ ಬಾಹ್ಯಾಕಾಶ ಧಾರಾವಾಹಿ 1966ರಿಂದ 1969ರವರೆಗೆ ನಡೆದು, ನೋಡುಗರು ಸಾಲದೆಂದು ನಿಂತಿತು. 1972ರ ಜನವರಿಯಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಅಭಿಮಾನಿಗಳು ಸಭೆ ಕರೆದಾಗ ಕೆಲವು ನೂರು ಮಂದಿ ಬಂದಾರು ಎಂದುಕೊಂಡಿದ್ದರು. ಮೂರು ಸಾವಿರಕ್ಕೂ ಹೆಚ್ಚು ಮಂದಿ ಬಂದರು. ಆ ಅಭಿಮಾನ ಇಂದಿಗೂ ಇದೆ. ವಿಚಿತ್ರವೆಂದರೆ, ಮುಂದೆ ಅದೇ ಸ್ಟಾರ್ ಟ್ರೆಕ್ ಸರಣಿಯಲ್ಲಿ ನಟಿಸಿ ಹೆಸರಾದ ಜಾನ್ ಡಿ ಲಾನ್ಸಿ, 2011ರಲ್ಲಿ ಕುದುರೆ ಕಾರ್ಟೂನಿನ ಒಬ್ಬ ಖಳನಿಗೆ ದನಿ ಕೊಟ್ಟರು. ಎಲ್ಲೆಡೆ ಗೇಲಿಗೆ ಗುರಿಯಾದ ಬ್ರೋನಿಗಳನ್ನು ಕಂಡು, ಇವರ ಬಗ್ಗೆ ಸಾಕ್ಷ್ಯಚಿತ್ರ ತೆಗೆಯಬೇಕೆಂದು ಹೊರಟವರಲ್ಲಿ ಅವರೂ ಒಬ್ಬರು. 60,000 ಡಾಲರ್ ಬೇಕೆಂದು ಸಾರ್ವಜನಿಕರನ್ನು ಕೇಳಿದರೆ 3,22,000 ಡಾಲರ್ ಬಂತು.

ಆದರೆ ಸ್ಟಾರ್ ಟ್ರೆಕ್ ದೊಡ್ಡವರಿಗಾಗಿಯೇ ಮಾಡಿದ್ದು. ಮಕ್ಕಳ ಪಾತ್ರವೊಂದು ದೊಡ್ಡವರ ನೆನಪಿನಲ್ಲಿ ಬಾಳಿದ್ದಕ್ಕೆ ಕಾಸರಗೋಡಿನ ಓದುಗರಿಗೆ ನಾನು ದೂರದ ಉದಾಹರಣೆ ಕೊಡಬೇಕಾಗಿಲ್ಲ. 1983ರಲ್ಲಿ ಮಲಯಾಳದ 'ಬಾಲಮಂಗಳಂ'ನಲ್ಲಿ ಹುಟ್ಟಿದ ಡಿಂಕನ್ ಎಂಬ ಶೂರ ಇಲಿ, ಕನ್ನಡದ 'ಬಾಲಮಂಗಳ'ದಲ್ಲಿ ಡಿಂಗನಾಗಿ ನಮ್ಮ ಮನೆಗಳಿಗೂ ಬಂದಿದ್ದ. ಮಲಯಾಳದ ಪತ್ರಿಕೆ 2012ರಲ್ಲಿ ನಿಂತಿತು. ಇಲಿ ಮಾತ್ರ ಸಾಯಲಿಲ್ಲ. ಅದನ್ನು ಓದಿ ಬೆಳೆದ ಕೇರಳದ ಯುವಕರು ಧರ್ಮಗಳನ್ನು ಅಣಕಿಸಲು ಅದನ್ನೇ ದೇವರೆಂದು ಹೇಳಿಕೊಳ್ಳುವ ಒಂದು ತಮಾಷೆ ಮತವನ್ನೇ ಹೂಡಿದರು. ಆ ಅಣಕದ ಬಗ್ಗೆ ಪಾದ್ರಿಯಾದ ನನ್ನ ಅಭಿಪ್ರಾಯ ಏನೆಂದು ನೀವು ಊಹಿಸಬಲ್ಲಿರಿ, ಇಲ್ಲಿ ಬೇಡ. ನಾನು ಹೇಳಹೊರಟದ್ದು, ದೊಡ್ಡವರಾದ ಮೇಲೂ ಆ ಇಲಿಯಿಂದ ಅವರಿಗೊಂದು ಕೆಲಸವಿತ್ತು ಎಂಬುದನ್ನು. ಬರೀ ನೆನಪಾಗಿದ್ದರೆ ಹಳೆಯ ಪುಸ್ತಕಗಳ ಜೊತೆ ರದ್ದಿಗೆ ಹೋಗುತ್ತಿತ್ತು.

ಕುದುರೆಗಳ ವಿಷಯದಲ್ಲೂ ಹೀಗೆಯೇ. ಬ್ರೋನಿಗಳ ಗದ್ದಲದಲ್ಲಿ ಎಲ್ಲರೂ ಮರೆತ ಒಂದು ಗುಂಪಿದೆ. 1980ರ ದಶಕದಲ್ಲಿ ಮೊದಲ ಪೀಳಿಗೆಯ ಆಟಿಕೆಗಳೊಡನೆ ಆಡಿದ ಹುಡುಗಿಯರು ಬೆಳೆದು ಹೆಂಗಸರಾಗಿ, ಆ ಹಳೆಯ ಕುದುರೆಗಳನ್ನು ಹುಡುಕಿ ಕೂಡಿಸುತ್ತಾರೆ. ಮಾಸಿದ ಬಣ್ಣ ತಿದ್ದುತ್ತಾರೆ, ಉದುರಿದ ಕೂದಲು ಹೊಸದಾಗಿ ನೆಡುತ್ತಾರೆ, ಅದಲುಬದಲು ಮಾಡಿಕೊಳ್ಳುತ್ತಾರೆ. ಫೌಸ್ಟ್ ಅವರ ಕಾರ್ಟೂನು ಬರುವುದಕ್ಕೆ ವರ್ಷಗಳ ಮೊದಲೇ, 2004ರ ಹೊತ್ತಿಗೇ, ಅವರ ಮೇಳ ನಡೆಯತೊಡಗಿತ್ತು. ಹಾಸ್‌ಬ್ರೋ ಎಷ್ಟು ಪೀಳಿಗೆ ಬದಲಿಸಿದರೂ ಅವರು ಕದಲಿಲ್ಲ. ಯಾವ ಟಿವಿಯೂ ಅವರನ್ನು ನೋಡಿ ನಗಲಿಲ್ಲ, ಯಾಕೆಂದರೆ ಹೆಂಗಸರು ಗೊಂಬೆ ಇಟ್ಟುಕೊಂಡರೆ ಅದು ಸುದ್ದಿಯಲ್ಲ. ಅತಿ ಹೆಚ್ಚು ಕಾಲ ಬಾಳಿದ ಅಭಿಮಾನ ಇವರದೇ.

ಹಾಗಾದರೆ ಬ್ರೋನಿಗಳ ಅಭಿಮಾನ ಬಾಳೀತೇ? ಗುಂಪು ಬಾಳುವುದಿಲ್ಲ. ಅದು ಆಗಲೇ ಕರಗಿದೆ, ಮತ್ತೆ ಆ ಪ್ರಮಾಣದಲ್ಲಿ ಕೂಡುವುದೂ ಇಲ್ಲ. ನೋಡಿ ಮೆಚ್ಚಿದವರು ಹೋದರು. ಹಾಡಿಗೆ, ಹೊಲಿಗೆಗೆ, ಬರವಣಿಗೆಗೆ, ಕುರ್ಚಿ ಹಾಕುವುದಕ್ಕೆ ಕೈ ಕೊಟ್ಟವರಲ್ಲಿ ಒಂದಷ್ಟು ಮಂದಿ ಉಳಿದರು. ಅವರಿಗೆ ಈಗ ಹೊಸ ಕಂತು ಬೇಕಾಗಿಲ್ಲ. 222 ಕಂತುಗಳು ಅವರ ಬಳಿ ಇವೆ, ಅದಕ್ಕಿಂತ ಹೆಚ್ಚಾಗಿ ಒಬ್ಬರ ಫೋನ್ ನಂಬರ್ ಇನ್ನೊಬ್ಬರ ಬಳಿ ಇದೆ. ಸಿಯಾಟಲ್ ಬಳಿ 2012ರಲ್ಲಿ ಶುರುವಾದ 'ಎವರ್‌ಫ್ರೀ ನಾರ್ತ್‌ವೆಸ್ಟ್' ಎಂಬ ಸಮ್ಮೇಳನ, ದೊಡ್ಡಣ್ಣನಾದ ಬ್ರೋನಿಕಾನ್ ಮುಚ್ಚಿದ ಮೇಲೂ, ಕೋವಿಡ್ ಕಳೆದ ಮೇಲೂ ನಡೆಯಿತು. 2023ರಲ್ಲಿ, ಕಾರ್ಟೂನು ನಿಂತು ನಾಲ್ಕು ವರ್ಷವಾದ ಮೇಲೆ, ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ 'ಮೇರ್ ಫೇರ್' ಎಂಬ ಹೊಸ ಸಮ್ಮೇಳನವೊಂದು ಹುಟ್ಟಿತು. ನಡೆಸಿದವರು 2010ರಲ್ಲಿ ನಗಲೆಂದು ಕಾರ್ಟೂನು ನೋಡಿದ ಅದೇ ಒರಟು ತಾಣದ ಕಡೆಯವರು.

ಇಷ್ಟರ ನಡುವೆ ಪೂರ್ವದಿಂದ ಯಾರೂ ಎಣಿಸದ ಸುದ್ದಿ ಬಂತು. ಕಾಯೌ ಎಂಬ ಚೀನೀ ಕಂಪನಿ ಈ ಕುದುರೆಗಳ ಚಿತ್ರವಿರುವ ಕಾರ್ಡುಗಳನ್ನು ಪೊಟ್ಟಣದಲ್ಲಿ ಮಾರತೊಡಗಿತು, ಒಳಗೆ ಯಾವುದು ಇದೆಯೆಂದು ಬಿಚ್ಚುವ ತನಕ ಗೊತ್ತಾಗದು. ಶಾಲಾಮಕ್ಕಳೂ ಕೆಲಸಕ್ಕೆ ಹೋಗುವ ಯುವತಿಯರೂ ಮುಗಿಬಿದ್ದು ಕೊಂಡರು. ಆ ಕಾರ್ಡುಗಳಲ್ಲಿ ಎಲ್ಲರೂ ಹುಡುಕುವ ಮುಖಗಳು 2010ರ ಟ್ವೈಲೈಟ್ ಮತ್ತು ಅವಳ ಐವರು ಗೆಳತಿಯರದು.